ಒಂಬತ್ತನೆಯವನ ಎಣಿಕೆ

ಅವಳ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಅವಳದ್ದು. ಬಂದವರು ನಿಂತೇ ಮಾತಾಡಬೇಕು.

ದೇಶದ ಮಿದುಳು ವಿಜ್ಞಾನಿಗಳಲ್ಲಿ ಯಾರು ದೊಡ್ಡವರು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ತಯಾರಿಸುವವಳು ಅವಳು. ಒಬ್ಬರ ಪ್ರಬಂಧವನ್ನು ಉಳಿದವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೋ ಅಷ್ಟು ಸೈಟೇಷನ್. ಹೆಚ್ಚಿದ್ದವರು ಮೇಲೆ, ಕಡಿಮೆಯವರು ಕೆಳಗೆ. ಈ ವರ್ಷ ಮೊದಲ ಹತ್ತು ಜನಕ್ಕೆ ಹೊಸ ಕಟ್ಟಡದಲ್ಲಿ ಒಂದೊಂದು ಲ್ಯಾಬ್ ಎಂದು ಘೋಷಣೆಯಾದದ್ದೇ ತಡ, ಬೆಲ್ಲ ಕಂಡ ಇರುವೆಗಳ ಹಾಗೆ ಅವರೆಲ್ಲ ಅವಳ ಕೋಣೆಯಿದ್ದ ಲೈಬ್ರರಿಯ ಮೆಟ್ಟಿಲು ಹತ್ತತೊಡಗಿದರು.

ಒಬ್ಬ ಪ್ರೊಫೆಸರು ತಮ್ಮ ಹನ್ನೆರಡು ಶಿಷ್ಯರ ಕೈಯಲ್ಲಿ ತಮ್ಮ ಹೆಸರನ್ನೇ ಬರೆಸಿ ಬರೆಸಿ ಹನ್ನೊಂದನೆಯ ಸ್ಥಾನಕ್ಕೆ ಬಂದು ಮುಟ್ಟಿದ್ದರು. ಮನೆಯಲ್ಲಿ ಒಬ್ಬರ ಮಾತನ್ನೊಬ್ಬರು ಕೇಳದ ಗಂಡ ಹೆಂಡತಿ, ಪ್ರಬಂಧದಲ್ಲಿ ಮಾತ್ರ ಪುಟಕ್ಕೊಮ್ಮೆ ಪರಸ್ಪರ ನೆನೆಯುತ್ತಿದ್ದರು. ಮಿದುಳಿನ ಬಗ್ಗೆ ಇಷ್ಟು ಓದಿದವರು ಸ್ವಂತ ಮಿದುಳನ್ನು ಇಷ್ಟಕ್ಕೇ ಬಳಸುತ್ತಾರಲ್ಲ ಎಂದು ಅವಳಿಗೆ ಅಸಹ್ಯವಾಗುತ್ತಿತ್ತು.

ಹಾಗಾಗಿ ಪಟ್ಟಿಯಲ್ಲಿ ಒಂಬತ್ತನೆಯವನಾಗಿದ್ದವನು ಬಾಗಿಲಲ್ಲಿ ಬಂದು ನಿಂತು ಹೆಸರು ಹೇಳಿದಾಗ ಅವಳು ತಲೆ ಎತ್ತಲಿಲ್ಲ.

"ಎಂಟಕ್ಕೆ ಹತ್ತಬೇಕಾ, ಏಳಕ್ಕಾ?"

"ಇಳೀಬೇಕು ಮೇಡಂ."

ಈಗ ಎತ್ತಿದಳು. ಅಂಗಿಯ ಕಾಲರ್ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ತೋಳಿಗೆ ಇಲಿಗಳ ಪಂಜರದ ಮರದ ಹೊಟ್ಟು ಅಂಟಿತ್ತು.

"ಇದೊಳ್ಳೆ ಹೊಸ ನಾಟಕ," ಅಂದಳು. "ಕುರ್ಚಿ ಹುಡುಕಬೇಡಿ, ಇಲ್ಲ. ಕೂರಿಸಿದ್ರೆ ನಿಮ್ಮ ಜನ ಏಳಲ್ಲ."

ಅವನು ನಿಂತೇ ಹೇಳಿದ. ಸುಮ್ಮನೆ ಕೂತ ಇಲಿ ತಾನು ಓಡಿದ ದಾರಿಯನ್ನು ನೆನೆಸಿಕೊಳ್ಳುತ್ತದೆ, ಆ ನೆನಪಿನ ಅಲೆ ತನಗೆ ಸಿಕ್ಕಿದೆ ಎಂದು ಹತ್ತು ವರ್ಷದ ಹಿಂದೆ ಒಂದು ಪ್ರಬಂಧ ಬರೆದಿದ್ದನಂತೆ.

"ಅದು ನೆನಪೇ ಅಲ್ಲ. ಇಲಿ ಕಾಳು ಅಗೀತಿತ್ತು. ದವಡೆ ಅಲುಗಾಡಿದ್ದು ಮಿಷನ್‌ನಲ್ಲಿ ಅಲೆ ತರ ಕಾಣಿಸ್ತು."

ಅವಳಿಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡಳು.

"ತಪ್ಪು ಅಂತ ನಾನೇ ಬರೆದೆ. ಆವತ್ತಿಂದ ಎಲ್ಲರೂ ನನ್ನ ಪೇಪರ್ ಹೆಸರು ಹೇಳ್ತಾರೆ, ಹೀಗೆ ಮಾಡಬೇಡಿ ಅನ್ನೋದಕ್ಕೆ. ನಿಮ್ಮ ಪಟ್ಟಿಯಲ್ಲಿ ಆ ಬೈಗುಳ ಎಲ್ಲಾ ಸೈಟೇಷನ್ ಆಗಿ ಕೂತಿದೆ."

"ನಾನು ಎಣಿಸ್ತೀನಿ. ಓದಲ್ಲ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು," ಅಂದ ಅವನು, ಬಹಳ ಮೆಲ್ಲಗೆ.

ಹದಿನಾಲ್ಕು ವರ್ಷದ ನೌಕರಿಯಲ್ಲಿ ಯಾರೂ ಅವಳಿಗೆ ಹಾಗೆ ಅಂದಿರಲಿಲ್ಲ. ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಅಕ್ಕನೆದುರು ಬೈದರೂ ಎಣಿಕೆಗೆ ಸೇರಲೇಬೇಕು ಎಂದು ಒಂದು ಗಂಟೆ ಅವನನ್ನು ಜಾಲಾಡಿದಳು. ಅಕ್ಕ ದಾರ ಪೋಣಿಸುತ್ತ "ಹೂಂ" ಅಂದಳು.

ಮರುದಿನ ನಾಲ್ಕು ಗಂಟೆಗೆ ಅವನು ಒಂದು ಕಟ್ಟು ಕಾಗದ ಹೊತ್ತು ಬಂದ. ಅವನದೇ ತಪ್ಪು ಎಂದು ತೋರಿಸಲು ಅವಳು ಮೇಲಿನದನ್ನು ಎತ್ತಿ ಓದಿದಳು; ಇದ್ದದ್ದು ಬರೀ ಬೈಗುಳ. ಅದರ ಮರುದಿನವೂ ಬಂದ. ಅವನ ಹೆಸರು ಬಂದಿದ್ದ ನಾನೂರ ಹನ್ನೆರಡು ಪ್ರಬಂಧಗಳನ್ನು ಇಬ್ಬರೂ ಓದಿ, ಹೊಗಳಿದ್ದನ್ನು ಒಂದು ಕಡೆ, ಬೈದದ್ದನ್ನು ಇನ್ನೊಂದು ಕಡೆ ಇಡತೊಡಗಿದರು. ಬೈದದ್ದನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು.

"'ಇಂಥ ಅಜಾಗರೂಕ ವಿಧಾನವನ್ನು ವಿದ್ಯಾರ್ಥಿಗಳೂ ಬಳಸಬಾರದು.' ಆಹಾ, ಯಾರಪ್ಪ ಈ ಪುಣ್ಯಾತ್ಮ?"

"ನನ್ನ ಗುರುಗಳು."

ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತದೆ ಎಂಬುದನ್ನು ಅವಳು ಕಂಡುಕೊಂಡಳು. ಕಂಡುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟಾದಳು. ಒಂದು ದಿನ ಆ ಮಡಚಿದ ಕಾಲರನ್ನು ಸರಿಮಾಡಲು ಕೈ ತಾನಾಗಿ ಹೋಯಿತು. ಅರ್ಧ ದಾರಿಯಲ್ಲಿ ಅದಕ್ಕೆ ಬುದ್ಧಿ ಬಂದು, ಮೇಜಿನ ಮೇಲಿನ ಪೆನ್ಸಿಲ್ ಎತ್ತಿಕೊಂಡು ವಾಪಸಾಯಿತು. ಅವನು ನೋಡಿದ. ನೋಡಿಲ್ಲವೆಂಬಂತೆ ಕಾಗದ ತಿರುವಿದ.

ಕೊನೆಗೆ ಉಳಿದ ಹೊಗಳಿಕೆ ಹದಿನೇಳು. ಬಾಕಿಯೆಲ್ಲ ಕಳೆದರೆ ಅವನು ಒಂಬತ್ತರಿಂದ ಐವತ್ತೆಂಟಕ್ಕೆ ಬೀಳುತ್ತಿದ್ದ.

ಅವಳು ಈ ಲೆಕ್ಕ ಒಯ್ದಾಗ ಸಂಸ್ಥೆಯ ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿದರು. "ಬೈದ್ರೂ ಹೆಸರು ಹೇಳಿದ್ರಲ್ಲಮ್ಮ, ಸಾಕು. ಇಳಿಸ್ಲೇಬೇಕು ಅಂದ್ರೆ ನಿಮ್ಮ ಸಹಿ ಹಾಕಿ ಇಳಿಸಿ."

ಸಹಿ ಹಾಕಿದರೆ ಅವನಿಗೆ ಲ್ಯಾಬ್ ಇಲ್ಲ. ಅವನು ಮತ್ತೆ ಈ ಮೆಟ್ಟಿಲು ಹತ್ತಲು ಕಾರಣವೂ ಇಲ್ಲ. ಎರಡನೆಯದೇ ತನ್ನನ್ನು ಹೆಚ್ಚು ಹೆದರಿಸುತ್ತಿದೆ ಎಂದು ತಿಳಿದು ಅವಳಿಗೆ ನಾಚಿಕೆಯಾಯಿತು.

"ನೀವಿಳಿದ್ರೆ ಆ ಹನ್ನೆರಡು ಶಿಷ್ಯರ ಗುರು ಹತ್ತಕ್ಕೆ ಬರ್ತಾರೆ, ಗೊತ್ತಾ?" ಎಂದು ಅವನ ಮೇಲೆ ರೇಗಿದಳು.

"ಗೊತ್ತು."

"ನಿಮಗೆ ತಲೆ ಕೆಟ್ಟಿದೆ."

"ಇರಬಹುದು. ಆದ್ರೆ ಇಲಿ ಅಗಿದ ಕಾಳು ತೋರಿಸಿ ಲ್ಯಾಬ್ ತಗೊಳ್ಳೋದು ನನ್ನಿಂದಾಗಲ್ಲ."

ಅವಳು ಸಹಿ ಹಾಕಿದಳು. ಕಾಗದ ಹರಿಯುವಷ್ಟು ಒತ್ತಿ ಹಾಕಿದಳು.

ಪಟ್ಟಿ ಹೊರಬಿತ್ತು. ಶಿಷ್ಯರ ಗುರುವಿಗೆ ಹಾರ ಬಿತ್ತು. ಐವತ್ತೆಂಟನೆಯವನು ಬರಲಿಲ್ಲ. ನಾಲ್ಕು ಗಂಟೆ ಆಗುತ್ತಿತ್ತು, ಹೋಗುತ್ತಿತ್ತು. ನಾಲ್ಕನೆಯ ದಿನ ಊಟಕ್ಕೆ ಕೂತವಳು ಕೂಗಾಡಿದಳು: "ಕೆಲಸ ಆಯ್ತು, ಕೈ ಒರೆಸಿಕೊಂಡು ಹೋದ! ಥ್ಯಾಂಕ್ಸ್ ಅನ್ನೋ ಬಾಯಿಗೂ ಬರವಾ? ದೊಡ್ಡ ಸತ್ಯವಂತ!"

ಅಕ್ಕ ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಹಾಳೆಯ ತುಂಬ ಅಂಥ ಗೆರೆಗಳೇ ಇದ್ದವು.

"ಏನಕ್ಕಾ ಅದು?"

"ಅವನ ಸುದ್ದಿ ಎತ್ತಿದಾಗಲೆಲ್ಲ ಒಂದೊಂದು. ಇನ್ನೂರ ಆರಾಯ್ತು."

"ನಾನು ಬೈತಿದ್ದೀನಿ ಕಣೇ!"

"ಬೈದ್ರೂ ಎಣಿಕೆಗೆ ಸೇರತ್ತೆ ಅಂತ ನೀನೇ ತಾನೇ ಹೇಳಿದ್ದು?" ಎಂದು ಅಕ್ಕ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಮರುದಿನ ಮಧ್ಯಾಹ್ನ ಅವಳೇ ಅವನ ಹಳೆಯ ಲ್ಯಾಬಿಗೆ ಹೋದಳು. ನೆಲಮಾಳಿಗೆಯ ಕೋಣೆ. ಪಂಜರದಲ್ಲಿ ಇಲಿಯೊಂದು ಕಾಳು ಅಗಿಯುತ್ತಿತ್ತು. ಅವಳು ಕ್ಯಾಲೆಂಡರಿನ ಹಾಳೆಯನ್ನು ಅವನ ಮುಂದಿಟ್ಟಳು.

"ನಮ್ಮನೇಲಿ ನಿಮ್ಮ ಸೈಟೇಷನ್. ಇನ್ನೂರ ಆರು."

ಅವನು ಗೆರೆಗಳನ್ನು ನಿಧಾನವಾಗಿ ನೋಡಿದ. "ಹೊಗಳಿದ್ದೆಷ್ಟು?"

"ಒಂದೂ ಇಲ್ಲ."

"ಹಾಗಾದ್ರೆ ಇದೂ ಸೊನ್ನೆ ಆಯ್ತಲ್ಲ."

"ಇದರಲ್ಲಿ ಒಂದನ್ನೂ ತೆಗೆಯಲ್ಲ." ಅವಳು ಹಾಳೆಯ ಮೇಲೆ ಅಂಗೈ ಊರಿದಳು. "ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಹಾಳು ಇಲಿ, ಹಾಳು ಪ್ರಾಮಾಣಿಕತೆ ಎಲ್ಲಾ ಸೇರಿ. ಅಷ್ಟೇ ಹೇಳೋಕೆ ಬಂದೆ. ನೀವ್ಯಾಕೆ ಬರಲಿಲ್ಲ?"

"ಇನ್ನು ಇಳಿಯೋಕೆ ಏನೂ ಉಳಿದಿರಲಿಲ್ಲ," ಅಂದ ಅವನು. "ಏನು ನೆಪ ಹೇಳಿಕೊಂಡು ಬರಲಿ? ನಾಲ್ಕು ದಿನದಿಂದ ಮೆಟ್ಟಿಲ ತನಕ ಬಂದು ವಾಪಸ್ ಹೋಗ್ತಿದ್ದೀನಿ."

ಎಡಗಣ್ಣು ಮೊದಲು ಕಿರಿದಾಯಿತು. ಈ ಸಲ ಅವಳ ಕೈ ಅರ್ಧ ದಾರಿಯಲ್ಲಿ ನಿಲ್ಲಲಿಲ್ಲ. ಹೋಗಿ, ಕಾಲರನ್ನು ಹೊರಗೆಳೆದು, ಸರಿಮಾಡಿ, ಅಲ್ಲೇ ಉಳಿಯಿತು.

"ನಾಳೆ ನಾಲ್ಕು ಗಂಟೆಗೆ ಬನ್ನಿ. ಎರಡನೇ ಕುರ್ಚಿ ಹಾಕ್ಸಿದ್ದೀನಿ."

"ಕೂರಿಸಿದ್ರೆ ನಮ್ಮ ಜನ ಏಳಲ್ಲ."

"ಏಳಬೇಡಿ," ಅಂದಳು.