ಹೊಸ್ತಿಲ ಮೇಲಿನ ಸ್ಪ್ಯಾನರ್

1976ರ ನವೆಂಬರ್ 9, ಮಂಗಳವಾರ. ಬೆಳಿಗ್ಗೆ ಏಳು ಹತ್ತಕ್ಕೆ ಕೊಳ್ಳೇಗಾಲದ ಠಾಣೆಯ ಮೆಟ್ಟಿಲು ಹತ್ತಿದ ಬೆಲ್ಲದ ಮಂಡಿ ಪುಟ್ಟಮಾದಪ್ಪನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಂಡಿಯಲ್ಲಿ ಗಂಟಲು ಹರಿಯುವಂತೆ ಹರಾಜು ಕೂಗುವ ಮನುಷ್ಯ. ಅವತ್ತು ಅವನ ಬಾಯಿಂದ ಒಂದು ಮಾತು ಹೊರಡಲು ರೈಟರ್ ಎರಡು ಲೋಟ ನೀರು ಕುಡಿಸಬೇಕಾಯಿತು.

ಅವನು ಕೊಟ್ಟ ದೂರು ಇಷ್ಟು. ಬೆಳಿಗ್ಗೆ ಐದೂವರೆಗೆ ಹೆಂಡತಿ ಶಂಕರಮ್ಮ ಅಡುಗೆಮನೆಗೆ ಹೋಗಿ ಗ್ಯಾಸ್ ಒಲೆಗೆ ಕಡ್ಡಿ ಗೀರಿದಳು. ಮನೆಯೆಲ್ಲ ನಡುಗುವಂಥ ಸದ್ದಾಯಿತು. ಶಂಕರಮ್ಮ ಮೈಯೆಲ್ಲ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಾಳೆ. ಅವಳನ್ನು ಎಳೆದುಕೊಳ್ಳಲು ಹೋದ ತಾಯಿ ದೊಡ್ಡಬಸಮ್ಮನ ಕೈ ಎರಡೂ ಬೆಂದಿವೆ. ಸಿಲಿಂಡರ್ ಸೋರುತ್ತಿದೆಯೆಂದು ಹಿಂದಿನ ದಿನವೇ ಏಜೆನ್ಸಿಗೆ ಹೇಳಿ ಕಳಿಸಿದ್ದರು. ಫಿಟ್ಟರ್ ಬಂದು ನೋಡಿ ಹೋಗಿದ್ದ. ಅವನು ಸರಿಯಾಗಿ ಮಾಡದೆ ಹೋದದ್ದೇ ಇದಕ್ಕೆಲ್ಲ ಕಾರಣ.

ಅಪರಾಧ ಸಂಖ್ಯೆ 143/76. ಐಪಿಸಿ ಕಲಂ 285 ಮತ್ತು 338ರ ಅಡಿ ಎಫ್‌ಐಆರ್ ಹಾಕಿಸಿ, ಇನ್‌ಸ್ಪೆಕ್ಟರ್ ಶಿವರುದ್ರಸ್ವಾಮಿ ಹೆಡ್ ಕಾನ್‌ಸ್ಟೇಬಲ್ ಚಿಕ್ಕಮಾದಯ್ಯನನ್ನು ಕರೆದುಕೊಂಡು ಎಂಟೂವರೆಗೆ ಸ್ಥಳಕ್ಕೆ ಹೋದರು. ಊರಿಗೆ ಗ್ಯಾಸ್ ಬಂದು ಒಂದೂವರೆ ವರ್ಷವಾಗಿತ್ತು. ಇಂಥ ಕೇಸು ಅವರಿಗೆ ಇದೇ ಮೊದಲು.

ಅಡುಗೆಮನೆಯ ಹೆಂಚು ಹಾರಿಹೋಗಿ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಕಿಟಕಿ ಚೌಕಟ್ಟು ಸಮೇತ ಹಿತ್ತಲಿಗೆ ಬಿದ್ದಿತ್ತು. ಪಕ್ಕದ ಮನೆಯ ಪುಟ್ಟಮಲ್ಲಪ್ಪ ಒದ್ದೆ ಗೋಣಿಚೀಲ ಹೊದ್ದು ಒಳಗೆ ನುಗ್ಗಿ, ಸಿಲಿಂಡರಿನ ತಲೆಯ ಚಕ್ರ ತಿರುಗಿಸಿ ಮುಚ್ಚಿದ್ದರಿಂದ ಸಿಲಿಂಡರ್ ಒಂದು ಉಳಿದಿತ್ತು. ಪಂಚನಾಮೆಯ ಸಾಕ್ಷಿಗಳಲ್ಲಿ ಅವರೂ ಒಬ್ಬರು. ರೆಗ್ಯುಲೇಟರನ್ನು ಸಿಲಿಂಡರಿಗೆ ಹಿಡಿದಿಡುವ ನಟ್ಟನ್ನು ಇನ್‌ಸ್ಪೆಕ್ಟರ್ ಮುಟ್ಟಿ ನೋಡಿದರು. ಬೆರಳಲ್ಲೇ ಅಲ್ಲಾಡಿತು. ಗೋಡೆಯ ಗೂಡಿನಲ್ಲಿ ಉಪ್ಪಿನ ಜಾಡಿಯ ಪಕ್ಕ ಒಂದು ಸ್ಪ್ಯಾನರ್ ಇತ್ತು. ಅದರ ಹಿಡಿಯಲ್ಲಿ 'ರಂ' ಎಂದು ಕೊರೆದಿತ್ತು.

"ಇದನ್ನ ಪಂಚನಾಮೆಗೆ ಸೇರಿಸು. ಒಳಗೆ ಬಂದು ಅಳತೆ ತಗೋ," ಎಂದರು ಚಿಕ್ಕಮಾದಯ್ಯನಿಗೆ.

ಚಿಕ್ಕಮಾದಯ್ಯ ಟೇಪು ಬಿಚ್ಚಿ ಬಾಗಿಲಿಗೆ ಬಂದ. ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಬಸಮ್ಮ, ಬಾಳೆಎಲೆ ಸುತ್ತಿದ ಕೈ ಎತ್ತಿ, "ನೀವು ಅಲ್ಲೇ ನಿಂತ್ಕಳಿ ಸಾಮಿ. ಅಲ್ಲಿಂದ್ಲೇ ಬರ್ಕಳಿ," ಎಂದರು.

ಮಾಡು ಹಾರಿಹೋಗಿದೆ, ಸೊಸೆ ಆಸ್ಪತ್ರೆಯಲ್ಲಿದ್ದಾಳೆ, ಮುದುಕಿಯ ಬಾಯಿಗೆ ಮಾತ್ರ ಆ ಮಾತು ತಾನಾಗಿ ಬಂತು. ಅರವತ್ತು ವರ್ಷ ಹೇಳಿ ಹೇಳಿ ನಾಲಿಗೆಗೆ ಹತ್ತಿಹೋದ ಮಾತು. ಚಿಕ್ಕಮಾದಯ್ಯನೂ ಎರಡನೆಯ ಯೋಚನೆ ಮಾಡದೆ ನಿಂತೇಬಿಟ್ಟ. ಶಿವರುದ್ರಸ್ವಾಮಿ ಇಬ್ಬರನ್ನೂ ನೋಡಿದರು.

"ನಿನ್ನೆ ಫಿಟ್ಟರ್ ಎಷ್ಟು ಹೊತ್ತಿಗೆ ಬಂದಿದ್ದನವ್ವಾ?"

"ಅನ್ನೊಂದು ಗಂಟೇಲಿ."

"ಒಳಗೆ ಬಂದನಾ?"

"ಬಂದ. ಅವನೇ ಬಿಗಿ ಮಾಡ್ಬುಟ್ಟು ಓದ."

"ಸ್ಪ್ಯಾನರ್ ಯಾಕೆ ಬಿಟ್ಟು ಹೋದ?"

ದೊಡ್ಡಬಸಮ್ಮ ಕೈ ಉರಿಯುತ್ತದೆ ಎಂದು ಮುಖ ತಿರುಗಿಸಿದರು.

ಹತ್ತೂಕಾಲಕ್ಕೆ ಏಜೆನ್ಸಿ. ಮಾಲೀಕ ಗುರುಸಿದ್ದಯ್ಯ ಕೇಳುವ ಮೊದಲೇ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. '8-11-76. ಬೆ. 11-20. ಒಳಗೆ ಹೋಗಿ ಸೋಪಿನ ನೀರು ಹಚ್ಚಿ ಪರೀಕ್ಷಿಸಿದೆ. ಸೋರಿಕೆ ಇಲ್ಲ. ರಂಗನಾಯಕ.' ಅಕ್ಷರ ಮುತ್ತು ಪೋಣಿಸಿದಂತಿತ್ತು.

"ನಮ್ಮ ಹುಡುಗನದ್ದು ತಪ್ಪಿಲ್ಲ ಸಾರ್. ಅವನು ಹೋದಮೇಲೆ ಮನೆಯವರು ಏನು ಮಾಡಿಕೊಂಡರೋ."

"ನಟ್ಟು ಸಡಿಲವಾಗಿತ್ತು."

"ಮೈಸೂರಿನಲ್ಲಿ ತರಬೇತಿ ಪಡೆದ ಫಿಟ್ಟರು ಬಿಗಿ ಮಾಡಿದ್ದು ಸಡಿಲ ಆಗಲ್ಲ. ಬೇರೆ ನಟ್ಟೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿ. ಗ್ಯಾಸಿನ ನಟ್ಟು ಮಾತ್ರ ಎಡಕ್ಕೆ. ಗೊತ್ತಿಲ್ಲದವರು ಬಿಗಿ ಮಾಡೋಕೆ ಹೋಗಿ ಸಡಿಲ ಮಾಡ್ತಾರೆ."

"ರಂಗನಾಯಕ ಎಲ್ಲಿ?"

"ಬೆಳಿಗ್ಗೆ ಸುದ್ದಿ ಕೇಳಿದವನು ಸೈಕಲ್ಲನ್ನು ಇಲ್ಲೇ ಬಿಟ್ಟು ಹೋದ. ಅವನ ಊರು ಕೌದಳ್ಳಿ."

ಜೀಪು ಹತ್ತುವಾಗ ಚಿಕ್ಕಮಾದಯ್ಯ ತಡೆಯಲಾರದೆ ಬಾಯಿ ಬಿಟ್ಟ. "ಸಾ, ಕಾಕಿ ಬಟ್ಟೆ ಆಕ್ಕಂಡಿರೋ ನನ್ನೇ ಒಳಕ್ ಬುಡದವ್ರು, ನಿನ್ನೆ ಕಾರ್ತೀಕ ಸೋಮವಾರದ ದಿಸ ರಂಗನಾಯಕನ್ನ ಬುಟ್ಟಿದ್ದಾರಾ? ಅವನೂ ನಮ್ ಜಾತಿಯೋನೇ ಕಣ್ರಿ."

ಶಿವರುದ್ರಸ್ವಾಮಿಯ ತಲೆಯಲ್ಲೂ ಅದೇ ಕೊರೆಯುತ್ತಿತ್ತು.

ಹನ್ನೆರಡು ನಲವತ್ತಕ್ಕೆ, ಆಸ್ಪತ್ರೆಯಲ್ಲಿ, ತಾಲ್ಲೂಕು ಮ್ಯಾಜಿಸ್ಟ್ರೇಟರ ಎದುರು ಶಂಕರಮ್ಮನ ಹೇಳಿಕೆ ಆಯಿತು. ಮೂವತ್ತೆರಡು ವರ್ಷದ ಹೆಣ್ಣುಮಗಳು, ಸತ್ತೇಗಾಲದ ಮನೆಮಗಳು. ಹಾಸಿದ ಬಾಳೆಎಲೆಯ ಮೇಲೆ ಮಲಗಿಸಿದ್ದರು. ಪ್ರಜ್ಞೆ ಸರಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟರು.

"ನಟ್ಟು ಯಾರು ತಿರುಗಿಸಿದ್ದಮ್ಮಾ?"

"ನಾನೇ."

"ಫಿಟ್ಟರ್?"

"ಅವ ಒಳಕ್ ಬತ್ತೀನಿ ಅಂದ. ನಾನೂ ಬರ್ಲಿ ಬುಡಿ ಅತ್ತೆ ಅಂದೆ. ಅತ್ತೆ ಬ್ಯಾಡ ಅಂದ್ರು. ಸ್ಪ್ಯಾನರ್‌ನ ವಸ್ತಿಲ ಮೇಲೆ ಮಡಗ್ದ. ಅತ್ತೆ ನೀರು ಚಿಮುಕ್ಸಿ ಕೊಟ್ರು. ಬಿಗಿ ಮಾಡಿ ಅಂದ, ಮಾಡ್ದೆ. ಚೆನ್ನಾಗ್ ತಿರುಗ್ತು."

"ಯಾವ ಕಡೆಗೆ?"

ಅವಳ ಬಲಗೈ ಎಲೆಯ ಮೇಲೆ ಸ್ವಲ್ಪ ಅಲ್ಲಾಡಿತು. ಬಲಕ್ಕೆ.

"ಬೆಳಿಗ್ಗೆ ವಾಸನೆ ಬರಲಿಲ್ಲವೇ?"

"ಬಂತು. ನಿನ್ನೇದು ಇನ್ನೂ ಓಗಿಲ್ಲ ಅನ್ಕಂಡೆ. ಕಿಟಕಿ ತಗೀಬೇಕಿತ್ತು, ಅಲ್ವರಾ?"

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ ಮುಖ ನೋಡಿದರು.

ಹನ್ನೊಂದನೆಯ ತಾರೀಖು, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಶಂಕರಮ್ಮ ತೀರಿಕೊಂಡಳು. ಕೇಸಿಗೆ ಕಲಂ 304-ಎ ಸೇರಿತು. ಅವಳ ಎರಡು ಮಕ್ಕಳು ಆಸ್ಪತ್ರೆಯ ಜಗಲಿಯಲ್ಲಿ ಸೋದರಮಾವನ ಕೈ ಹಿಡಿದು ನಿಂತಿದ್ದವು. ದೊಡ್ಡಬಸಮ್ಮ ಅಳಲಿಲ್ಲ. ಇನ್‌ಸ್ಪೆಕ್ಟರು ಹತ್ತಿರ ಹೋದಾಗ ಕೇಳುವ ಮೊದಲೇ ಹೇಳಿದರು.

"ಮೊನ್ನೆ ಸುಳ್ಳೇಳ್ದೆ ಕಣಪ್ಪಾ. ಅವನ್ನ ನಾನೇ ಬುಡ್ನಿಲ್ಲ. ಪೂಜೆ ಅಡ್ಗೆ ಇತ್ತು. ನನ್ನತ್ತೇನೂ ಯಾರ್ನೂ ಬುಡ್ತಿರ್ನಿಲ್ಲ, ನಾನೂ ಬುಡ್ನಿಲ್ಲ. ಸೌದೆ ಒಲೆ ಯಾವತ್ತೂ ಇಂಗ್ ಮಾಡಿರ್ನಿಲ್ವಲ್ಲಪ್ಪಾ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆ ಮುದುಕಿಯ ಮುಖ ನೋಡಿದವರಿಗೆ ಆ ಗಾದೆಯನ್ನು ಬಾಯಲ್ಲಿ ಆಡುವ ಮನಸ್ಸಾಗುತ್ತಿರಲಿಲ್ಲ. ಅವರ ಹೇಳಿಕೆಯನ್ನು ರೈಟರ್ ಬರೆದುಕೊಂಡ. ಬೆಂದ ಬೆರಳಿನಿಂದ ಹೆಬ್ಬೆಟ್ಟು ಒತ್ತಿಸುವಂತಿರಲಿಲ್ಲ. ಹೇಳಿಕೆಗೆ ಸಹಿ ಬೇಕಿಲ್ಲ ಎಂದು ಇನ್‌ಸ್ಪೆಕ್ಟರೇ ನೆನಪಿಸಿ ಪುಸ್ತಕ ಮುಚ್ಚಿಸಿದರು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಜೀಪು ಹನೂರಿನ ದಾರಿ ಹಿಡಿಯಿತು. ಹನೂರಿನಲ್ಲಿ ಟೀ ಕುಡಿದು ಕೌದಳ್ಳಿ ಮುಟ್ಟುವಾಗ ಹತ್ತು ಗಂಟೆ. ರಂಗನಾಯಕ ಓಡಿಹೋಗಿರಲಿಲ್ಲ. ಅಕ್ಕ ಗುರುಸಿದ್ದಮ್ಮನ ಮನೆಯ ಕಣದಲ್ಲಿ ರಾಗಿ ತೆನೆ ಹರಡುತ್ತಿದ್ದ. ಜೀಪು ಕಂಡು ಕೈ ಕೊಡವಿ ತಾನೇ ಎದುರು ಬಂದ. ಇಪ್ಪತ್ತಾರು ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಆ ಕಡೆಯ ಊರುಗಳಲ್ಲಿ ಕಂಪನಿ ಸರ್ಟಿಫಿಕೇಟ್ ಇದ್ದ ಒಬ್ಬನೇ ಫಿಟ್ಟರ್.

"ಅವ್ವಾರು ಎಂಗವ್ರೆ ಸಾ?"

"ಹೋದರು. ನಿನ್ನೆ ಬೆಳಿಗ್ಗೆ."

ಅವನು ಕಣದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಗುರುಸಿದ್ದಮ್ಮ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಳು. ಇನ್‌ಸ್ಪೆಕ್ಟರೂ ಕಲ್ಲಿನ ಮೇಲೆ ಕೂತರು.

"ಕಾರ್ಡಿನಲ್ಲಿ ಒಳಗೆ ಹೋಗಿ ಪರೀಕ್ಷಿಸಿದೆ ಅಂತ ಬರೆದಿದ್ದೀಯ."

"ಊ ಸಾ."

"ಹೋಗಿದ್ದೆಯಾ?"

"ಇಲ್ಲ ಸಾ."

"ಮತ್ತೆ ಯಾಕೆ ಬರೆದೆ?"

"ಮೊದ್ಲೆರಡು ಕಾರ್ಡಲ್ಲಿ ಒಳಕ್ ಬುಡ್ನಿಲ್ಲ ಅಂತ್ಲೇ ಬರ್ದೆ. ಗಿರಾಕಿ ಮನೆ ಮರ್ವಾದೆ ತಗೀತೀಯಾ ಅಂತ ಧಣಿ ಅರ್ದಾಕುದ್ರು. ಇನ್ನೊಂದ್ಸಲ ಬರುದ್ರೆ ಕೆಲ್ಸಕ್ ಬರಬ್ಯಾಡ ಅಂದ್ರು. ಆಮೇಕೆ ಎಲ್ಲಾ ಮನೇಗೂ ಒಂದೇ ಬರ್ಯಾದು ಕಲ್ತೆ."

"ನಟ್ಟು ಎಡಕ್ಕೆ ತಿರುಗಿಸಬೇಕು ಅಂತ ಆಯಮ್ಮನಿಗೆ ಹೇಳಿದೆಯಾ?"

ರಂಗನಾಯಕ ಒಂದು ತೆನೆ ಹಿಡಿದು ಕಾಳು ಉದುರಿಸಿದ.

"ಬ್ಯಾರೆ ಮನೇಲೆಲ್ಲ ಯೇಳ್ತೀನಿ ಸಾ. ವಸ್ತಿಲಾಚೆ ನಿಂತ್ಕಂಡು ಕೂಗಿ ಯೇಳ್ತೀನಿ, ಎಡಕ್ಕೆ, ಎಡಕ್ಕೆ ಅಂತ. ಅವತ್ತು ದೊಡ್ಡವ್ವಾರು ನನ್ ಸ್ಪ್ಯಾನರ್ ಮ್ಯಾಲೆ ನೀರು ಚಿಮುಕ್ಸುದ್ರು. ದಿನಾ ನನ್ ಕೈಲಿರೋ ಸಾಮಾನು. ಬಿಗಿ ಮಾಡಿ ಅಂದೆ, ಅಷ್ಟೇಯ. ಸ್ಪ್ಯಾನರ್‌ನೂ ಅಲ್ಲೇ ಬುಟ್ಟು ಬಂದೆ. ನನ್ನ ಬ್ಯಾಡ ಅಂದ ಒಲೆ ಎಂಗಾದ್ರೆ ನಂಗೇನು ಅನ್ಕಂಡೆ. ಬೀದಿ ಕೊನೇಗೆ ಬಂದಾಗ ವಾಪಸ್ ಓಗಿ ಯೇಳನಾ ಅನ್ನುಸ್ತು. ಓಗ್ನಿಲ್ಲ ಸಾ." ಆಮೇಲೆ ತಲೆ ತಗ್ಗಿಸಿ, "ಆ ಶಂಕರವ್ವಾರು ನನ್ನ ಬರ್ಲಿ ಅಂದಿದ್ರು," ಎಂದ.

ಚಿಕ್ಕಮಾದಯ್ಯ ಬೇರೆ ಕಡೆ ನೋಡುತ್ತಿದ್ದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಕೊಲೆಗಾರರನ್ನೂ ಡಕಾಯಿತರನ್ನೂ ಕಂಡಿದ್ದ ಶಿವರುದ್ರಸ್ವಾಮಿಗೆ, ಈ ಆರೋಪಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಆಗಲಿಲ್ಲ.

"ಹೀಗೆ ಎಷ್ಟು ಮನೆಗೆ ಬರೆದಿದ್ದೀಯ?"

"ನಲ್ವತ್ಮೂರು." ತೆನೆ ಕೆಳಗಿಟ್ಟು, "ನಿಮ್ಮ ಕ್ವಾಟ್ರಸ್ಸೂ ಸೇರಿ ಸಾ. ಎಲ್ಡು ತಿಂಗ್ಳಾಯ್ತು. ನೀವು ಡ್ಯೂಟೀಲಿದ್ರಿ," ಎಂದ.

ಇನ್‌ಸ್ಪೆಕ್ಟರು ಎದ್ದು ನಿಂತರು. ಯಳಂದೂರಿನಿಂದ ಬಂದು ಜೊತೆಗಿರುವ ತಾಯಿ ಪುಟ್ಟಬಸಮ್ಮ ದಿನವೂ ಐದಕ್ಕೆ ಎದ್ದು, ಮಗನ ಕಾಫಿಗೆಂದು ಅದೇ ಒಲೆಗೆ ಕಡ್ಡಿ ಗೀರುತ್ತಿದ್ದರು. "ನಮ್ಮ ಮನೆಯ ನಟ್ಟು ಸರಿಯಾಗಿದೆಯೋ?"

"ಗೊತ್ತಿಲ್ಲ ಸಾ. ನಾನು ನೋಡಿಲ್ಲ."

ಬೇಡಿ ಹಾಕಲಿಲ್ಲ. ಕೊಳ್ಳೇಗಾಲ ತಲುಪಿದಾಗ ಜೀಪು ಠಾಣೆಯ ಕಡೆ ತಿರುಗದೆ ಕ್ವಾರ್ಟರ್ಸಿನ ಕಡೆ ತಿರುಗಿತು.

"ಸಾ, ಆರೋಪಿನ ಮನೇಗಾ?" ಎಂದ ಚಿಕ್ಕಮಾದಯ್ಯ.

"ಹೂಂ. ಡೈರಿಯಲ್ಲಿ ಬರೆಯೋಣ."

ಪುಟ್ಟಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದರು. ಮಗನ ಹಿಂದೆ ಬಂದವನನ್ನು ಗುರುತಿಸಿದರು.

"ಇವನ್ಯಾಕ್ಲಾ ಕರ್ಕಂಬಂದೆ? ಅವತ್ತೇ ಬಂದು ಇಲ್ಲಿಂದ್ಲೇ ಯೇಳ್ಕೊಟ್ನಲ್ಲ."

"ಒಲೆ ನೋಡ್ತಾನೆ. ದಾರಿ ಬುಡವ್ವಾ."

"ಅಲ್ಲಾ ಕಣೋ..."

"ದಾರಿ ಬುಡು."

ಮಗನ ದನಿಯಲ್ಲಿ ಏನು ಕೇಳಿಸಿತೋ, ಮೊರ ಎತ್ತಿಕೊಂಡು ಸರಿದರು. ರಂಗನಾಯಕ ಬಚ್ಚಲಿಗೆ ಹೋಗಿ ಯಾರೂ ಹೇಳದೆಯೇ ಕಾಲು ತೊಳೆದು ಬಂದ. ಹೊಸ್ತಿಲ ಹತ್ತಿರ ಕಾಲು ನಿಂತುಬಿಟ್ಟಿತು. ಇನ್‌ಸ್ಪೆಕ್ಟರು ಬೆನ್ನಿಗೆ ಕೈಯಿಟ್ಟು ಒಳಗೆ ಕಳಿಸಿದರು.

ಬಟ್ಟಲಲ್ಲಿ ಸೋಪು ಕದಡಿ, ಬೆರಳಲ್ಲಿ ಅದ್ದಿ, ನಟ್ಟಿನ ಸುತ್ತ ಹಚ್ಚಿದ. ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಉಬ್ಬಿತು, ಒಡೆಯಿತು. ಇನ್ನೊಂದು ಎದ್ದಿತು. ಬಾಗಿಲಲ್ಲಿ ನಿಂತ ಚಿಕ್ಕಮಾದಯ್ಯನೂ ಸೇರಿ ನಾಲ್ವರೂ ನೋಡಿದರು. ರಂಗನಾಯಕ ಜೀಪಿನಿಂದ ತರಿಸಿದ ಸ್ಪ್ಯಾನರ್ ಕಚ್ಚಿಸಿ ಎಡಕ್ಕೆ ಕಾಲು ಸುತ್ತು ತಿರುಗಿಸಿದ. ಗುಳ್ಳೆ ನಿಂತಿತು.

"ಅವ್ವಾ, ನೋಡ್ಕಳಿ," ಎಂದ, ಮುಖ ಎತ್ತದೆ. "ರಾತ್ರಿ ಮಲಗಾಕ್ ಮುಂಚೆ ಒಲೆ ತಿರುಗ್ಣಿ ಮುಚ್ಚುದ್ರೆ ಸಾಲ್ದು, ಈ ತಲೆ ಮೇಲಿನ ಚಕ್ರಾನೂ ಮುಚ್ಬೇಕು. ಬೆಳಿಗ್ಗೆ ಎದ್ದೇಟ್ಗೆ ಕಿಟಕಿ ತಗೀರಿ, ಆಮೇಲೆ ಕಡ್ಡಿ ಗೀರಿ. ವಾಸ್ನೆ ಬಂದ್ರೆ ಕಡ್ಡೀನೂ ಬ್ಯಾಡ, ಲೈಟ್ ಸ್ವಿಚ್ಚೂ ಮುಟ್ಬ್ಯಾಡಿ. ಚಕ್ರ ಮುಚ್ಚಿ ಆಚೆ ಬಂದ್ಬುಡಿ. ಈ ರಬ್ಬರ್ ಪೈಪು ಬಿರುಕು ಬುಟ್ರೆ ಯೇಳ್ಕಳ್ಸಿ." ಏಜೆನ್ಸಿಗೆ ಎಂದು ಹೇಳಹೊರಟವನು ಅಲ್ಲಿಗೇ ನಿಲ್ಲಿಸಿದ.

ಪುಟ್ಟಬಸಮ್ಮ ಮೊರ ಕೆಳಗಿಟ್ಟರು. "ನಿನ್ನೆಸ್ರು ಏನಪ್ಪಾ?"

ಅವನು ಹೇಳಿದ.

ಮಧ್ಯಾಹ್ನ ಎರಡೂಕಾಲಕ್ಕೆ ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ರೈಟರ್ ಕೇಸ್ ಡೈರಿ ತೆರೆದು ಇನ್‌ಸ್ಪೆಕ್ಟರು ಹೇಳಿದ್ದನ್ನು ಬರೆಯುತ್ತ ಬಂದ. ಆರೋಪಿಯನ್ನು ಮನೆಯವರು ಅಡುಗೆಮನೆಯೊಳಗೆ ಬಿಡಲಿಲ್ಲ. ಹಾಗೆಂದು ಬರೆದರೆ ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಪರೀಕ್ಷೆ ಮಾಡದೆಯೇ ಮಾಡಿದೆನೆಂದು ಬರೆದ. ಅವಮಾನದಿಂದ ಮನಸ್ಸು ಕೆಟ್ಟು, ಹೇಳಬೇಕಾದ ಒಂದು ಮಾತನ್ನು ಹೇಳದೆ ಹೋದ.

"ಒಳಗೆ ಬಿಡದವರ ಹೆಸರು ಬರೀಬೇಕಲ್ಲ ಸಾರ್?" ಎಂದ ರೈಟರ್.

"ಬರಿ. ದೊಡ್ಡಬಸಮ್ಮ, ಪುಟ್ಟಮಾದಪ್ಪನ ತಾಯಿ."

ರೈಟರ್ ಬರೆದು ಪೂರ್ಣವಿರಾಮ ಹಾಕಿದ.

"ಮುಗಿದಿಲ್ಲ," ಎಂದರು ಶಿವರುದ್ರಸ್ವಾಮಿ. "ಪುಟ್ಟಬಸಮ್ಮ, ಇನ್‌ಸ್ಪೆಕ್ಟರ್ ಶಿವರುದ್ರಸ್ವಾಮಿಯ ತಾಯಿ ಅಂತಲೂ ಬರಿ."