ಕರಿಬಂಡೆ ಸುತ್ತಿ ಬಂದ ಕಲ್ಲುಗಳು

ಪ್ರೊಫೆಸರರ ಹಿತ್ತಿಲನ್ನು ಸಮುದ್ರ ಕಂತಿನ ಮೇಲೆ ತಿನ್ನುತ್ತಿತ್ತು. ಮೊದಲು ಕಾಂಪೌಂಡು ಹೋಯಿತು, ಆಮೇಲೆ ನೀರಿನ ತೊಟ್ಟಿ. ಕಳೆದ ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಕಂಬ, ಅದರ ತಂತಿಯ ಮೇಲಿದ್ದ ಅವರ ಪ್ಯಾಂಟಿನ ಸಮೇತ, ಕೆಳಗಿನ ಅಲೆಗೆ ಜಾರಿತು. ಕಡಲ ಕೊರೆತದ ಬಗ್ಗೆ ಜೀವಮಾನವಿಡೀ ಪಾಠ ಮಾಡಿದವರು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೆಂಪು ದಿಬ್ಬದ ತುದಿಯಲ್ಲಿ ಮನೆ ಕಟ್ಟಿಸಿದ್ದೇಕೆ ಎಂದು ಅವರ ಮುಖಕ್ಕೇ ಕೇಳುವ ಧೈರ್ಯ ಊರಿನಲ್ಲಿ ಒಬ್ಬನಿಗೆ ಮಾತ್ರ ಇತ್ತು. ಅವನು ಅವರ ಹಳೆಯ ಶಿಷ್ಯ, ಈಗ ಅದೇ ಕಾಲೇಜಿನ ಮೇಷ್ಟ್ರು, ಸಾಲದ್ದಕ್ಕೆ ಹೆಂಡತಿಯ ತಮ್ಮ.

"ಭಾವ, ಈಗ ಕಿಟಕಿ ತೆಗೆದ್ರೆ ಸಮುದ್ರ ಕಾಣುತ್ತೆ. ಇನ್ನು ಸ್ವಲ್ಪ ವರ್ಷಕ್ಕೆ ಸಮುದ್ರದಲ್ಲೇ ಕಿಟಕಿ ಹುಡುಕಬೇಕಾಗುತ್ತೆ," ಎಂದು ಹೊಸ ಮನೆಯ ಮೊದಲ ಊಟದ ದಿನವೇ ಹೇಳಿದ್ದ. ಅದನ್ನಾದರೂ ಕ್ಷಮಿಸಬಹುದಿತ್ತು. ಕಂಬ ಬಿದ್ದ ದಿನ ಅವನು ಓಡಿ ಬಂದು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, "ನಮ್ಮನೇಲಿ ಒಂದು ರೂಮು ಖಾಲಿ ಇದೆ ಭಾವ. ಅಕ್ಕನ್ನ ಕರ್ಕೊಂಡು ಬಂದುಬಿಡಿ," ಎಂದ. ಆ ರೂಮು ಪ್ರೊಫೆಸರರ ಹೊಟ್ಟೆಯೊಳಗೆ ಕೂತುಬಿಟ್ಟಿತು. ಭಾಮೈದನ ಹಂಗಿನಲ್ಲಿ ಬದುಕುವುದಕ್ಕಿಂತ ಅವರು ಏನನ್ನಾದರೂ ಮಾಡಲು ಸಿದ್ಧರಿದ್ದರು.

ಮನೆ ಉಳಿಯಲು ದಿಬ್ಬದ ಬುಡಕ್ಕೆ ಸರ್ಕಾರ ತಡೆಗೋಡೆ ಕಟ್ಟಬೇಕಿತ್ತು. ಅದಕ್ಕೆ ಅಡ್ಡಗಾಲು ಹಾಕಿದವನೂ ಭಾಮೈದನೇ. ದಿಬ್ಬದ ಉತ್ತರಕ್ಕೆ ಮೀನುಗಾರರ ದೋಣಿಗಳು ನಿಲ್ಲುವ ಮರಳ ತೀರ. ದಕ್ಷಿಣಕ್ಕೆ ಸಮುದ್ರದೊಳಕ್ಕೆ ಮೂತಿ ಚಾಚಿದ ಕರಿಬಂಡೆ. ಮೆತ್ತಗಿನ ದಿಬ್ಬದಿಂದ ಕಳಚಿದ ಕಲ್ಲು ಮರಳನ್ನೆಲ್ಲ ಅಲೆ ಉತ್ತರಕ್ಕೆ ಸಾಗಿಸಿ ದೋಣಿ ತೀರದಲ್ಲಿ ಸುರಿಯುತ್ತದೆ, ದಿಬ್ಬಕ್ಕೆ ಗೋಡೆ ಕಟ್ಟಿದರೆ ಆ ತೀರ ಬರಿದಾಗಿ ಕೊಚ್ಚಿಹೋಗುತ್ತದೆ ಎಂಬುದು ಅವನ ವಾದ. ಅಲ್ಲ, ಅದೆಲ್ಲ ದಕ್ಷಿಣಕ್ಕೆ ಹೋಗಿ, ಕರಿಬಂಡೆ ಸುತ್ತಿ, ಆಚೆಯ ಯಾರೂ ಇಲ್ಲದ ಕೊಲ್ಲಿಗೆ ಸೇರುತ್ತದೆ, ಗೋಡೆಯಿಂದ ಯಾರಿಗೂ ನಷ್ಟವಿಲ್ಲ ಎಂಬುದು ಪ್ರೊಫೆಸರರದು. ಭಾಮೈದ ಹೇಳುವುದೇ ಸರಿ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದೋಣಿಗೆ ಬೇಕಾದ್ದು ನೀರು, ಮರಳಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು.

ಗೋಡೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ನೇಮಿಸಿದ್ದ ಸಮಿತಿಯ ಅಧ್ಯಕ್ಷೆ, ನಿವೃತ್ತ ಎಂಜಿನಿಯರಮ್ಮ, ಇಬ್ಬರ ವಾದವನ್ನೂ ಕೇಳಿ ಬೇಸತ್ತು ಒಂದು ಪರೀಕ್ಷೆಗೆ ಒಪ್ಪಿದರು. ಭಾಮೈದ ದಿಬ್ಬದ ಬುಡದಲ್ಲಿ ಹಳದಿ ಬಣ್ಣ ಬಳಿದು ನಂಬರು ಬರೆದ ಕಲ್ಲುಗಳನ್ನು ಇಡಬೇಕು. ಮಳೆಗಾಲ ಮುಗಿದ ಮೇಲೆ ಅವು ಯಾರು ಹೇಳಿದ ಕಡೆ ಸಿಗುತ್ತವೋ ಅವರ ವಾದ ಗೆದ್ದಂತೆ.

ಭಾಮೈದ ಒಂದೊಂದು ಕಲ್ಲಿಗೂ ಮೂರು ಮೂರು ಸಲ ಬಣ್ಣ ಬಳಿದ. ಮಳೆಗಾಲದ ಹೊಸ್ತಿಲಲ್ಲಿ, ನೀರು ಇಳಿದಿದ್ದ ಒಂದು ಬೆಳಿಗ್ಗೆ ಅವನ್ನು ಸಾಲಾಗಿ ಜೋಡಿಸಿ, ಅಕ್ಕನ ಕೈಯ ತಿಂಡಿಗೆಂದು ಮೇಲೆ ಹತ್ತಿ ಬಂದ. ಪ್ರೊಫೆಸರರು ವಾಕಿಂಗ್ ನೆಪದಲ್ಲಿ ಕೆಳಗಿಳಿದರು. ಒಂದು ಕಲ್ಲನ್ನೂ ಬಿಡದೆ ಆರಿಸಿ, ಅಲೆ ಮುಟ್ಟದ ಬಿರುಕೊಂದರಲ್ಲಿ ಬಚ್ಚಿಟ್ಟು, ಎರಡನೇ ಲೋಟ ಕಾಫಿಯ ಹೊತ್ತಿಗೆ ವಾಪಸ್ಸು ಬಂದರು. ಅಷ್ಟರಲ್ಲಿ ನೀರು ಏರಿ ಹೆಜ್ಜೆಗುರುತು ಅಳಿಸಿತ್ತು. ಇಂಥ ಸಹಾಯಕ ಯಾವ ಕಳ್ಳನಿಗೆ ಸಿಕ್ಕಾನು ಎಂದು ಅವರಿಗೆ ಸಮುದ್ರದ ಮೇಲೆ ಮೊದಲ ಬಾರಿ ಪ್ರೀತಿ ಉಕ್ಕಿತು.

ಮುಂದಿನ ದಿನಗಳಲ್ಲಿ ಕಲ್ಲುಗಳು ಸ್ವಲ್ಪ ಸ್ವಲ್ಪವಾಗಿ ಅಟ್ಟ ಸೇರಿದವು. ಒಂದಕ್ಕೊಂದು ತಾಗಿ ಗೀರು ಬಿದ್ದೀತೆಂದು ಪ್ರತಿಯೊಂದನ್ನೂ ಹಳೆಯ ಬೆಡ್‌ಶೀಟಿನ ತುಂಡಿನಲ್ಲಿ, ಹಸುಗೂಸನ್ನು ಸುತ್ತುವ ಹಾಗೆ ಸುತ್ತಿಟ್ಟರು. ದಡ್ಡ ಕಳ್ಳರು ಸಿಕ್ಕಿಬೀಳುವುದು ಇಂಥ ಸಣ್ಣಪುಟ್ಟ ಅಜಾಗರೂಕತೆಯಿಂದಲೇ ಎಂದು ಅವರ ಅಭಿಪ್ರಾಯ.

"ಅಟ್ಟದಲ್ಲಿ ಅದೇನ್ರೀ ಅಷ್ಟು ಭಾರ?" ಎಂದು ಹೆಂಡತಿ ಕೇಳಿದರು.

"ಪುಸ್ತಕ ಕಣೇ."

"ನೀವು ಪುಸ್ತಕಕ್ಕೆ ಹೊದಿಸಿ ಮಲಗಿಸೋದನ್ನ ಇವತ್ತೇ ನೋಡಿದ್ದು," ಎಂದು ಅವರು ಅಡುಗೆಮನೆಗೆ ಹೋದರು.

ಮಳೆಗಾಲ ಮುಗಿಯಿತು. ಸಮಿತಿ ಬರುವ ಮುನ್ನಾದಿನ, ಊರೆಲ್ಲ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ, ಪ್ರೊಫೆಸರರು ಬೆನ್ನಿಗೆ ಚೀಲ ಹಾಕಿಕೊಂಡು ಕರಿಬಂಡೆಯಾಚೆಯ ಕೊಲ್ಲಿಗೆ ಹೊರಟರು. ಅಲ್ಲಿ ಮಾಡಿದ ಕೆಲಸವನ್ನು ಯಾವ ವಿದ್ಯಾರ್ಥಿಗೂ ತೋರಿಸಲಾಗದಿದ್ದುದೇ ಅವರಿಗೆ ಒಂದು ಕೊರಗು. ದಪ್ಪ ಕಲ್ಲುಗಳು ಬಂಡೆಯ ಹತ್ತಿರ, ಸಣ್ಣವು ದೂರ, ಅಲೆ ಬಿಟ್ಟುಹೋಗುವ ಕ್ರಮದಲ್ಲೇ. ಕೆಲವು ಮರಳಲ್ಲಿ ಅರ್ಧ ಹೂತವು. ಸಮುದ್ರ ಪಡೆದದ್ದನ್ನೆಲ್ಲ ಹಿಂದಕ್ಕೆ ಕೊಡುವುದಿಲ್ಲವಲ್ಲ, ಹಾಗಾಗಿ ನಾಲ್ಕಾರನ್ನು ನೀರಿಗೇ ಎಸೆದರು. ಆ ರಾತ್ರಿ ಸೊಂಪಾಗಿ ನಿದ್ದೆ ಬಂತು.

ಮರುದಿನ ಸಮಿತಿ ದೋಣಿ ತೀರವನ್ನೆಲ್ಲ ಜಾಲಾಡಿದರೂ ಹಳದಿ ಕಲ್ಲೊಂದೂ ಸಿಗಲಿಲ್ಲ. ಭಾಮೈದನ ಮುಖ ಸಣ್ಣಗಾಯಿತು. ಪ್ರೊಫೆಸರರು ಅವನ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡ ಕಣೋ. ಬಂದದ್ದೇ ಬಂದಿದ್ದೀವಿ, ಬಂಡೆಯಾಚೆಗೂ ಒಂದು ಸಲ ನೋಡಿಬಿಡೋಣ."

ಕೊಲ್ಲಿಯಲ್ಲಿ ಕಲ್ಲುಗಳು ಒಂದೊಂದಾಗಿ ಸಿಗತೊಡಗಿದವು. ಪ್ರೊಫೆಸರರ ನಾಲಿಗೆಗೆ ಹಳೆಯ ತರಗತಿ ನೆನಪಾಯಿತು. "ಈ ಬಂಡೆ ಸುತ್ತೋದು ಅಂದ್ರೆ ತಮಾಷೆ ಅಲ್ಲ ಮೇಡಂ. ಇಲ್ಲಿ ಕಲ್ಲು ಕಲ್ಲನ್ನೇ ಅರೆಯುತ್ತೆ. ಒಡೆದ ಗಾಜಿನ ಚೂರನ್ನೂ ಗೋಲಿ ಥರ ನುಣ್ಣಗೆ ಮಾಡಿ ಆಚೆ ಬಿಸಾಕುತ್ತೆ. ಅಂಥಾ ಕಡೆಯಿಂದ ಒಂದು ಮಳೆಗಾಲ ಪೂರ್ತಿ ಉರುಳಿಕೊಂಡು ಬಂದಿವೆ ಇವು." ಕಟ್ಟದ ಗೋಡೆಯ ನೆರಳು ಆಗಲೇ ಅವರ ಹಿತ್ತಿಲಿಗೆ ಬಿದ್ದಂತಿತ್ತು.

ಅಧ್ಯಕ್ಷೆ ಒಂದು ಕಲ್ಲನ್ನು ಎತ್ತಿ ಅವರ ಕೈಗಿತ್ತರು. "ಕನ್ನಡಕ ಕಾರಲ್ಲೇ ಮರೆತೆ ಸರ್. ನಂಬರೆಷ್ಟು, ಸ್ವಲ್ಪ ನೋಡಿ." ಪ್ರೊಫೆಸರರು ಹೆಮ್ಮೆಯಿಂದ "ಹದಿನೇಳು" ಎಂದು ಓದಿದರು. ಓದಿದ ಮೇಲೆ, ಅಷ್ಟು ಸಲೀಸಾಗಿ ಓದಿದ್ದು ಹೇಗೆಂದು ಅವರಿಗೆ ಹೊಳೆಯಿತು. ಅಂಕಿಯ ಒಂದು ಮೂಲೆಯೂ ಮಾಸಿರಲಿಲ್ಲ. ಹಳದಿ ಬಣ್ಣ ನಿನ್ನೆ ಬಳಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಜೀವಮಾನವಿಡೀ ಸವೆತ ಬೋಧಿಸಿದವರು ತಮ್ಮ ಕಲ್ಲುಗಳನ್ನು ಸವೆಸುವುದನ್ನೇ ಮರೆತಿದ್ದರು. ಅಧ್ಯಕ್ಷೆ ಆ ಬಣ್ಣದ ಮೇಲೆ ಹೆಬ್ಬೆರಳು ಆಡಿಸಿ ಕೇಳಿದರು, "ಇದು ಬಂಡೆ ಸುತ್ತಿ ಉರುಳಿಕೊಂಡು ಬಂತಾ ಸರ್, ಇಲ್ಲಾ ಚೀಲದಲ್ಲಿ ಕೂತು ಬಂತಾ?" ಭಾಮೈದ ಕಲ್ಲನ್ನು ನೋಡಿದ, ಭಾವನ ಮುಖ ನೋಡಿದ, ಆಮೇಲೆ ಹತ್ತಿರ ಬಂದು ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ: "ರೂಮು ಇನ್ನೂ ಖಾಲಿ ಇದೆ, ಭಾವ."