ಒಳಗಿನ ತೇಪೆ

ಲೋನಿ ಬಾನೆಟ್ ಮುಚ್ಚಿ ಕೀಗಾಗಿ ಜೇಬು ತಡಕಿದಾಗ ನನಗೆ ಜೀವ ಬಾಯಿಗೆ ಬಂತು. ಇನ್ನು ಅರ್ಧ ಗಂಟೆಯಲ್ಲಿ ಅವನು ಲಾರಿಗಳ ನಡುವೆ ಗ್ರೇಪ್‌ವೈನ್ ಘಾಟಿ ಹತ್ತಲಿದ್ದ. ಅವನ ಎಂಜಿನ್ನಿನೊಳಗೆ ನಾನು ಮಾಡಿದ ಮೋಸ ಕೂತಿತ್ತು.

ಕಳೆದ ತಿಂಗಳು ಅವನು ಬೇಕರ್ಸ್‌ಫೀಲ್ಡಿನ ನನ್ನ ಶೆಡ್ಡಿಗೆ ಬಂದಿದ್ದೇ ಜಗಳಕ್ಕೆ. ತನ್ನ ಹಳೆಯ ಶೆವೆಲ್ ಕಾರಿಗೆ ಎಂಜಿನ್ನಿಗೆ ಗಾಳಿ ಊಡುವ, ರೇಸಿನವರ ಎತ್ತರದ ಇನ್‌ಟೇಕ್ ಮ್ಯಾನಿಫೋಲ್ಡೇ ಬೇಕಂತೆ.

"ಅದನ್ನ ಹಾಕಿದ್ರೆ ಗಾಡಿ ಹಾರುತ್ತೆ, ವರ್ಲೀನ್."

"ಹಾರುತ್ತೆ, ಪೂರ್ತಿ ವೇಗಕ್ಕೆ ಹೋದ್ಮೇಲೆ. ಸಿಗ್ನಲ್‌ನಲ್ಲಿ ಕೆಮ್ಮಿ ಕೆಮ್ಮಿ ಸಾಯುತ್ತೆ. ನೀನು ಓಡ್ಸೋದು ರಸ್ತೇಲೋ, ಆಕಾಶದಲ್ಲೋ?"

"ನೀನು ಪಕ್ಕದಲ್ಲಿ ಕೂತ್ರೆ ಆಕಾಶದಲ್ಲೇ."

"ಬಾಯ್ಮುಚ್ಚು. ತಗ್ಗಿನದು ತಗೋ. ನಿಂತಲ್ಲಿಂದಲೇ ಎಳೆಯುತ್ತೆ."

ತಗೊಂಡ. ಅವನ ಕಣ್ಣು ಮಾತ್ರ ನನ್ನ ಮೂಗಿನ ಮೇಲಿನ ಗ್ರೀಸಿನಲ್ಲೇ ಇತ್ತು.

ಎಂಟು ಸಿಲಿಂಡರಿಗೆ ಗಾಳಿ, ಪೆಟ್ರೋಲು ಹೋಗುವ ಆ ಅಲ್ಯೂಮಿನಿಯಂ ದಾರಿಗಳನ್ನು ಒಳಗಿನಿಂದ ಕೊರೆದು ಅಗಲ ಮಾಡುವುದು ನನ್ನ ಕಸುಬು. ಒಂದು ಕೈಯಲ್ಲಿ ಗ್ರೈಂಡರ್, ಇನ್ನೊಂದು ಕೈಯ ಬೆರಳು ಹೊರಗೋಡೆಯ ಮೇಲೆ. ಗೋಡೆ ತೆಳುವಾದರೆ ಬೆರಳಿಗೆ ಬಿಸಿ ತಾಗುತ್ತದೆ, ತಕ್ಷಣ ನಿಲ್ಲಿಸಬೇಕು. ಹನ್ನೊಂದು ವರ್ಷದಲ್ಲಿ ಒಂದು ತೂತೂ ಬಿದ್ದಿರಲಿಲ್ಲ. ಲೋನಿಯ ಮ್ಯಾನಿಫೋಲ್ಡಿನಲ್ಲಿ ಬಿತ್ತು.

ಹೊರಗಿನಿಂದ ಬೆಸುಗೆ ಹಾಕಬೇಕಿತ್ತು. ಹಾಕಿದರೆ ಗುರುತು ಉಳಿಯುತ್ತದೆ, ನನ್ನ ಮರ್ಯಾದೆ ಹೋಗುತ್ತದೆ. ಹಾಗಾಗಿ ಒಳಗಿನಿಂದ ಎಪಾಕ್ಸಿ ಅಂಟು ಮೆತ್ತಿ, ನುಣ್ಣಗೆ ಉಜ್ಜಿ ಸುಮ್ಮನಾದೆ. ನಮ್ಮ ಕಸುಬಿನಲ್ಲಿ ಯಾರೂ ಮಾಡಬಾರದ ಕೆಲಸ ಅದು. ತೇಪೆ ಕಿತ್ತುಬಂದರೆ ಎಂಜಿನ್ ಅದನ್ನು ನುಂಗುತ್ತದೆ, ವಾಲ್ವ್ ಮುರಿಯುತ್ತದೆ, ಗಾಡಿ ಘಾಟಿಯ ನಡುವೆ ಸತ್ತು ನಿಲ್ಲುತ್ತದೆ. ಹಿಂದೆಯೇ ಲಾರಿ. ನಾಲ್ಕು ದಿನದಿಂದ ಕಣ್ಣು ಮುಚ್ಚಿದರೆ ಅದೇ ಲಾರಿ.

"ಬರ್ತೀಯಾ? ಘಾಟಿ ಆಚೆ ಪೀಚ್ ಪೈ ತಿನ್ನಿಸ್ತೀನಿ."

"ಇಲ್ಲ."

"ನನ್ ಡ್ರೈವಿಂಗ್ ಅಂದ್ರೆ ಅಷ್ಟೊಂದು ಭಯಾನಾ?"

ಕೀ ತಿರುಗಿಸಿದ. ಎಂಜಿನ್ ಸೊಗಸಾಗಿ ಗುಡುಗಿತು. ಗಾಡಿ ಇನ್ನೇನು ಗೇಟು ದಾಟಬೇಕು, ಓಡಿಹೋಗಿ ಅಡ್ಡ ನಿಂತೆ.

"ಆಫ್ ಮಾಡು!"

"ಏನಾಯ್ತೇ?"

"ಆಫ್ ಮಾಡು ಅಂದ್ನಲ್ಲ!"

ತೂತು, ಅಂಟು, ಎಲ್ಲಾ ಹೇಳಿಬಿಟ್ಟೆ. ಅವನ ಮುಖ ಬಿಳಿಚಿಕೊಂಡಿತು.

"ಗೊತ್ತಿದ್ದೂ ಕೀ ತಿರುಗ್ಸೋಕೆ ಬಿಟ್ಯಲ್ಲ. ಯಾಕೆ?"

"ಹೇಳಿದ್ರೆ ನೀನು ಮತ್ತೆ ಈ ಕಡೆ ತಲೆ ಹಾಕಲ್ಲ ಅಂತ."

"ನಿನ್ ಕೈಯಲ್ಲಿ ತೂತು ಹೇಗ್ ಬಿತ್ತು?"

"ನೀನು ಬಾಗಿಲಲ್ಲಿ ನಿಂತು ನಗ್ತಿದ್ದೆ. ನಾನು ನಿನ್ನೇ ನೋಡ್ತಾ ಇದ್ದೆ. ಬೆರಳು ಸುಟ್ಟಿದ್ದೂ ಗೊತ್ತಾಗ್ಲಿಲ್ಲ."

ಅವನು ಸ್ಪ್ಯಾನರ್ ಎತ್ತಿಕೊಂಡ. ಒಂದೊಂದೇ ಬೋಲ್ಟು ಬಿಚ್ಚಿದ. ಪ್ರತಿ ಬೋಲ್ಟಿಗೂ ನಾನು ಆ ಲಾರಿಗಿಂತ ಹೆಚ್ಚು ಹೆದರಿದೆ. ಎಲ್ಲಾ ಬಿಚ್ಚಿ ಮ್ಯಾನಿಫೋಲ್ಡನ್ನು ನನ್ನ ಮೇಜಿನ ಮೇಲಿಟ್ಟು, ದಾರಿಯೊಳಗೆ ಬೆರಳಾಡಿಸಿ ತೇಪೆಯನ್ನು ಉಗುರಿನಿಂದ ಕೆರೆದ. ನಿನ್ನೆ ಹತ್ತು ನಿಮಿಷ ಓಡಿಸಿ ನೋಡಿದ್ದಕ್ಕೇ ಅದು ಸಡಿಲಾಗಿತ್ತು. ಕಿತ್ತು ಅವನ ಅಂಗೈಗೆ ಬಂತು.

ಅದನ್ನು ಬೆಳಕಿಗೆ ಹಿಡಿದು ನೋಡಿದ. ನಾನು ಅಳುತ್ತಿದ್ದೆ, ನಾಚಿಕೆಯಿಲ್ಲದೆ.

"ಬೆಸುಗೆ ಹಾಕು, ಹೊರಗಡೆಯಿಂದ," ಎಂದ.

"ಗುರುತು ಕಾಣುತ್ತೆ ಕಣೋ."

"ಕಾಣ್ಲಿ. ಬಾನೆಟ್ ಎತ್ತಿದೋರೆಲ್ಲ ಕೇಳ್ಲಿ. ಒಬ್ಳು ನನ್ನ ನೋಡ್ತಾ ಕೈ ಸುಟ್ಕೊಂಡ್ಳು ಅಂತೀನಿ."

"ಎಷ್ಟು ಕೊಬ್ಬು ನೋಡು!"

ಅವನು ಸ್ಟೂಲ್ ಎಳೆದುಕೊಂಡು, ನನಗೆ ಬೆನ್ನು ಹಾಕಿ ಗೋಡೆಯತ್ತ ತಿರುಗಿ ಕೂತ.

"ಅದ್ಯಾಕೆ ಹಾಗೆ ಕೂತೆ?"

"ಕೆಲಸ ಮುಗಿಸು ಮಾರಾಯ್ತಿ. ಆಮೇಲೆ ತಿರುಗ್ತೀನಿ, ಎಷ್ಟು ಬೇಕೋ ಅಷ್ಟು ನೋಡ್ಕೋ."